ಸಿಇಟಿ ರ‍್ಯಾಂಕಿನ ಅರ್ಧ ಪಿಯು ಉತ್ತರಪತ್ರಿಕೆಯಲ್ಲೇ ಇದೆ

ಹತ್ತನೇ ಕ್ಲಾಸು ಮುಗಿಸಿ ಸೈನ್ಸ್ ತಗೊಂಡ ಮಕ್ಕಳ ಮನೆಗಳಲ್ಲಿ ಬೇಸಿಗೆಯಿಡೀ ಒಂದೇ ಮಾತು. ಯಾವ ಕೋಚಿಂಗ್, ಎಷ್ಟು ಫೀಸು, ಹಾಸನದಲ್ಲೇ ಇರಿಸಬೇಕಾ, ಘಟ್ಟ ಇಳಿಸಿ ಮೂಡುಬಿದಿರೆ, ಮಂಗಳೂರು ಕಡೆ ಕಳಿಸಬೇಕಾ. ಸೀಟು ಯಾವ ಲೆಕ್ಕದಲ್ಲಿ ಹಂಚುತ್ತಾರೆ ಅಂತ ಕೇಳುವವರು ಮಾತ್ರ ಕಡಿಮೆ. ಎಷ್ಟೋ ಜನಕ್ಕೆ ಅದು ಗೊತ್ತಾಗುವುದು ಎರಡು ವರ್ಷ ಕಳೆದು, ಸೈಬರ್ ಸೆಂಟರ್‌ನಲ್ಲಿ ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಗೆ ಕೂತಾಗ. ಆಗ ಗೊತ್ತಾಗಿ ಏನು ಪ್ರಯೋಜನ? ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳ ಹೆಚ್ಚಿನ ಮಕ್ಕಳು ಕೊನೆಗೆ ಸೀಟು ಪಡೆಯುವುದು ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಮೂಲಕ. ಇದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಒಂದೊಂದಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಸಿಇಟಿಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಷ್ಟು ಸುಮಾರು ಎಲ್ಲರಿಗೂ ಗೊತ್ತು.

ಗೊತ್ತಿದ್ದೂ ಯಾರೂ ತಲೆಗೆ ಹಾಕಿಕೊಳ್ಳದ ವಿಷಯ ಮುಂದಿನದು. ಇಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಸಿಇಟಿ ಅಂಕಕ್ಕೆ ಅರ್ಧ ತೂಕ, ದ್ವಿತೀಯ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ ಅರ್ಧ ತೂಕ. ಎರಡು ಹುಡುಗಿಯರನ್ನು ತಗೊಳ್ಳಿ. ಒಬ್ಬಳು ಪಿಯುಸಿಯಲ್ಲಿ 300ಕ್ಕೆ 285 ತೆಗೆದಿದ್ದಾಳೆ, ಸಿಇಟಿಯಲ್ಲಿ 180ಕ್ಕೆ ಬರೀ 90. ಇನ್ನೊಬ್ಬಳದು ಪಿಯುಸಿಯಲ್ಲಿ 240, ಸಿಇಟಿಯಲ್ಲಿ 117. ಮೊದಲನೆಯವಳದು 95 ಮತ್ತು 50ರ ಸರಾಸರಿ, 72.5. ಎರಡನೆಯವಳದು 80 ಮತ್ತು 65ರ ಸರಾಸರಿ, ಅದೂ 72.5. ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದಾರೆ. ಆದರೆ ಊರಿನವರು ಕೇಳುವುದು "ಸಿಇಟಿಯಲ್ಲಿ ಎಷ್ಟು ಬಂತಮ್ಮ?" ಅಂತ. ಮೊದಲನೆಯವಳು 90 ಅಂತ ಹೇಳಲು ನಾಚಿಕೊಳ್ಳುತ್ತಾಳೆ. ನಾಚಿಕೆ ಪಡುವಂಥದ್ದು ಏನೂ ಆಗಿಲ್ಲ!

ಇದನ್ನೇ ಇನ್ನೂ ಚಿಕ್ಕದು ಮಾಡಿ ಹೇಳುವುದಾದರೆ, ಪಿಯು ಬೋರ್ಡಿನ 10 ಅಂಕ ಸಿಇಟಿಯ 6 ಪ್ರಶ್ನೆಗೆ ಸಮ. ಈಗ ಪ್ರಾಮಾಣಿಕವಾಗಿ ಯೋಚಿಸಿ. ಸಿಇಟಿಯಲ್ಲಿ ಇನ್ನೂ 6 ಪ್ರಶ್ನೆ ಸರಿ ಮಾಡುವುದು ಸುಲಭವೋ, ಮೂರು ಬೋರ್ಡ್ ಪತ್ರಿಕೆಗಳಲ್ಲಿ ಸೇರಿ 10 ಅಂಕ ಜಾಸ್ತಿ ತೆಗೆಯುವುದು ಸುಲಭವೋ? 90ರ ಮೇಲೆ ತೆಗೆಯುವವರಿಗೆ ಬೋರ್ಡಿನಲ್ಲಿ ಏರಲು ಜಾಗ ಕಡಿಮೆ, ನಿಜ. ಆದರೆ 70ರಿಂದ 85ರ ನಡುವೆ ಇರುವ ಮಕ್ಕಳಿಗೆ ಬೋರ್ಡೇ ಸುಲಭದ ದಾರಿ. ಪ್ರಶ್ನೆಪತ್ರಿಕೆಯ ಮಾದರಿ ಗೊತ್ತಿರುತ್ತದೆ, ಪಾಠವಾರು ಎಷ್ಟು ಅಂಕ ಅಂತ ಗೊತ್ತಿರುತ್ತದೆ, ಹಂತ ಬರೆದರೆ ಹಂತಕ್ಕೂ ಅಂಕ ಸಿಗುತ್ತದೆ. ಸಿಇಟಿಯಲ್ಲಿ ಹಂತಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಇನ್ನೂ ಒಂದಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಪ್ರಾಕ್ಟಿಕಲ್‌ಗೆ 30, 30 ಅಂಕ. ಗಣಿತದಲ್ಲಿ ಆಂತರಿಕ ಅಂಕ 20. ಒಟ್ಟು 300ರಲ್ಲಿ 80 ಅಂಕ ಮುಖ್ಯ ಪರೀಕ್ಷೆ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಲ್ಯಾಬಿಗೆ ಸುಮ್ನೆ ಹೋಗಿ ಪಕ್ಕದವರ ರೀಡಿಂಗ್ ಬರೆದುಕೊಂಡು ಬರುವ ಮಕ್ಕಳು ಈ ಸಂಖ್ಯೆಯನ್ನು ರೆಕಾರ್ಡ್ ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಲಿ.

ಈ ಅರ್ಧ ತೂಕ ಎಷ್ಟು ದೊಡ್ಡದು ಅನ್ನುವುದು 2022ರಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಆ ವರ್ಷ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು. ಆ ಬ್ಯಾಚಿನ ಮಕ್ಕಳು ಮರುವರ್ಷ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ರ‍್ಯಾಂಕ್ ಪಟ್ಟಿ ನೋಡಿ ದಿಗಿಲುಬಿದ್ದ ಮಕ್ಕಳು, ತಂದೆತಾಯಿಗಳು ಹೈಕೋರ್ಟ್‌ವರೆಗೂ ಹೋದರು.

ಹಾಗಾದರೆ ಕೋಚಿಂಗ್ ಬೇಡವಾ? ಬೇಡ ಅನ್ನುತ್ತಿಲ್ಲ. ಪಿಯು ಪಾಠ, ಕೋಚಿಂಗ್ ಎರಡನ್ನೂ ಒಟ್ಟಿಗೆ ಕೊಡುವ ಇಂಟಿಗ್ರೇಟೆಡ್ ಕಾಲೇಜು ನೋಡಲು ಹೋದಾಗ ಫ್ಲೆಕ್ಸಿನಲ್ಲಿರುವ ಟಾಪರ್ ಫೋಟೋ ಬಿಟ್ಟು ಬೇರೆ ಎರಡು ಪ್ರಶ್ನೆ ಕೇಳಿ. ಬೋರ್ಡ್ ಪರೀಕ್ಷೆಗೆ ಉತ್ತರ ಬರೆಸಿ ತಿದ್ದುವ ವ್ಯವಸ್ಥೆ ಇದೆಯಾ? ಲ್ಯಾಬ್ ವಾರಕ್ಕೆ ಎಷ್ಟು ಹೊತ್ತು? ದಿನವಿಡೀ ಬರೀ ನಾಲ್ಕು ಆಯ್ಕೆಯ ಪ್ರಶ್ನೆ ತಿಕ್ಕಿಸುವ ಕಡೆ ಸೇರಿಸಿದರೆ ಅರ್ಧ ರ‍್ಯಾಂಕನ್ನು ಕೈಯಾರೆ ಬಿಟ್ಟ ಹಾಗೆ. ತಾಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಒಳ್ಳೆಯ ಉಪನ್ಯಾಸಕರಿದ್ದು, ಮನೆಯಲ್ಲಿ ದಿನಕ್ಕೊಂದು ಗಂಟೆ ಹಳೆಯ ಸಿಇಟಿ ಪತ್ರಿಕೆ ಬಿಡಿಸುವ ಶಿಸ್ತು ಇದ್ದರೆ ಇಂಜಿನಿಯರಿಂಗ್‌ಗೆ ಅದು ಸಾಲದು ಅಂತ ನನಗೇನೂ ಅನ್ನಿಸುವುದಿಲ್ಲ. ಹಳೆಯ ಪತ್ರಿಕೆಗಳು ಕೆಇಎ ಜಾಲತಾಣದಲ್ಲೇ ಸಿಗುತ್ತವೆ. ಜೆಇಇ, ನೀಟ್‌ಗೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ಸೇರಿ ನಡೆಸುವ ಸಾಥೀ ಅನ್ನುವ ಪೋರ್ಟಲ್ ಇದೆ, ಅದಕ್ಕೆ ದುಡ್ಡಿಲ್ಲ.

ಯಾವ ಬಾಗಿಲಿಗೆ ಯಾವ ಪರೀಕ್ಷೆ

ಎಲ್ಲ ಸೀಟಿಗೂ ಸಿಇಟಿ ಸಾಲದು. ನಮ್ಮ ಹತ್ತಿರದ ಕಾಲೇಜುಗಳನ್ನೇ ಇಟ್ಟುಕೊಂಡು ನೋಡಿದರೆ ಬೇಗ ಅರ್ಥವಾಗುತ್ತದೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು, ಇವುಗಳ ಸರ್ಕಾರಿ ಕೋಟಾ ಸೀಟಿಗೆ ಸಿಇಟಿ. ಹಾಸನದ ಕಾರೇಕೆರೆ ಕೃಷಿ ಕಾಲೇಜು, ಮೂಡಿಗೆರೆ ತೋಟಗಾರಿಕೆ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜು, ಇವಕ್ಕೂ ರಾಜ್ಯದ ಸೀಟುಗಳು ಸಿಇಟಿಯಲ್ಲೇ. ಹಾಸನ ಮತ್ತು ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜು, ಹಾಸನದ ಎಸ್‌ಡಿಎಂ ಆಯುರ್ವೇದ ಕಾಲೇಜು, ಇವಕ್ಕೆ ನೀಟ್. ಸುರತ್ಕಲ್‌ನ ಎನ್‌ಐಟಿಗೆ ಜೆಇಇ ಮೇನ್. ಧಾರವಾಡದ ಐಐಟಿಗೆ ಜೆಇಇ ಮೇನ್ ದಾಟಿದ ಮೇಲೆ ಅಡ್ವಾನ್ಸ್ಡ್. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಇನ್ನೊಂದಿಷ್ಟು ಸೀಟು, ಆ ಕಾಲೇಜುಗಳ ಒಕ್ಕೂಟವೇ ನಡೆಸುವ ಪರೀಕ್ಷೆ ಕಾಮೆಡ್‌–ಕೆ ಮೂಲಕ. ಅದರಲ್ಲಿ 180 ಪ್ರಶ್ನೆ, ಅಲ್ಲೂ ನೆಗೆಟಿವ್ ಇಲ್ಲ, ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಫೀಸು ಮಾತ್ರ ಸಿಇಟಿ ಸೀಟಿಗಿಂತ ಜಾಸ್ತಿ.

ಇದರಿಂದ ಪ್ರಥಮ ಪಿಯುನಲ್ಲಿ ತಗೊಳ್ಳುವ ಮೊದಲ ತೀರ್ಮಾನ ಸುಲಭವಾಗುತ್ತದೆ. ಡಾಕ್ಟರ್, ಪಶುವೈದ್ಯ, ಕೃಷಿ ಇವುಗಳಲ್ಲಿ ಯಾವುದಾದರೂ ಮನಸ್ಸಿನ ಮೂಲೆಯಲ್ಲಿದ್ದರೂ ಪಿಸಿಎಂಬಿ, ಅಂದರೆ ಪಿಸಿಎಂ ಜೊತೆ ಜೀವಶಾಸ್ತ್ರ ತಗೊಳ್ಳಿ. ಇಂಜಿನಿಯರಿಂಗ್ ಮಾತ್ರ ಅಂತ ಗಟ್ಟಿ ಇದ್ದರೆ ಪಿಸಿಎಂ ಜೊತೆ ಕಂಪ್ಯೂಟರ್ ಸೈನ್ಸ್ ಸಾಕು, ಜೀವಶಾಸ್ತ್ರದ ಹೊರೆ ತಪ್ಪುತ್ತದೆ.

ನೀಟ್‌ನಲ್ಲಿ ಪಿಯು ಅಂಕಕ್ಕೆ ಬೆಲೆ ಇಲ್ಲ. ಸಾಮಾನ್ಯ ವರ್ಗದವರಿಗೆ ಪಿಸಿಬಿಯಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ) 50 ಪರ್ಸೆಂಟ್, ಮೀಸಲಾತಿಯವರಿಗೆ 40 ಪರ್ಸೆಂಟ್ ಇದ್ದರೆ ಅರ್ಹತೆ ಬಂತು. ಉಳಿದದ್ದೆಲ್ಲ ಆ ಒಂದು ಮಧ್ಯಾಹ್ನದ ಮೂರು ಗಂಟೆ. 180 ಪ್ರಶ್ನೆ, 720 ಅಂಕ, ಅದರಲ್ಲಿ ಜೀವಶಾಸ್ತ್ರವೊಂದೇ 360. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಡಿತ. ಈ ಕಡಿತಕ್ಕೆ ಹೆದರಿ ಮಕ್ಕಳು ಗೊತ್ತಿರುವುದನ್ನೂ ಬಿಟ್ಟು ಬರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ತಪ್ಪು ಅಂತ ಗೊತ್ತಾದರೆ ಉಳಿದ ಎರಡರಲ್ಲಿ ಒಂದಕ್ಕೆ ಗುರುತು ಹಾಕಿ. ಅಂಥ ಎರಡು ಪ್ರಶ್ನೆಗೆ ಸರಾಸರಿ ಒಂದು ಸರಿ, ಒಂದು ತಪ್ಪು. 4 ಬಂತು, 1 ಹೋಯಿತು, 3 ಉಳಿಯಿತು. ಏನೂ ಗೊತ್ತಿಲ್ಲದ ಪ್ರಶ್ನೆಯಲ್ಲಿ ಕುರುಡು ಗುರಿ ಹೊಡೆದರೆ ಸಿಗುವ ಲಾಭ ತೀರಾ ಸಣ್ಣದು, ಅದರ ಸಹವಾಸ ಬೇಡ.

ನೀಟನ್ನು ಕನ್ನಡದಲ್ಲೂ ಬರೆಯಬಹುದು. ಪುಸ್ತಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ, ಎರಡರ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪಿಯುಗೆ ಬಂದ ಮೊದಲ ಎರಡು ಮೂರು ತಿಂಗಳು ತುಂಬಾ ಕುಗ್ಗುತ್ತಾರೆ. ಪಾಠ ಹೊಸದಲ್ಲ, ಹೆಸರುಗಳು ಹೊಸವು. ಸೆಪ್ಟೆಂಬರ್ ಹೊತ್ತಿಗೆ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಅಷ್ಟರಲ್ಲೇ "ಆರ್ಟ್ಸ್‌ಗೆ ಬದಲಾಯಿಸೋಣ" ಅಂತ ಮನೆಯವರು ಅವಸರ ಮಾಡಬಾರದು.

ಜೆಇಇ ಬಗ್ಗೆ ಎರಡೇ ಮಾತು. ಅಲ್ಲಿ ಕೊಡುವುದು ಪರ್ಸೆಂಟೈಲ್, ಪರ್ಸೆಂಟ್ ಅಲ್ಲ. 10 ಲಕ್ಷ ಜನ ಬರೆದಿದ್ದಾರೆ ಅಂದುಕೊಂಡರೆ, 95 ಪರ್ಸೆಂಟೈಲ್ ಬಂದ ಹುಡುಗನ ಮುಂದೆ ಇನ್ನೂ 50 ಸಾವಿರ ಜನ ಇದ್ದಾರೆ ಅಂತ ಅರ್ಥ. ಸಿಹಿ ಹಂಚುವ ಮೊದಲು ಇದು ಗೊತ್ತಿರಲಿ. ಎರಡನೆಯದು, ಸುರತ್ಕಲ್ ಎನ್‌ಐಟಿಯ ಅರ್ಧ ಸೀಟು ಕರ್ನಾಟಕದವರಿಗೆ. ಆದರೆ ಕರ್ನಾಟಕದವರು ಅಂದರೆ ಇಲ್ಲಿ ಹುಟ್ಟಿದವರು ಅಂತಲ್ಲ, 12ನೇ ತರಗತಿಯನ್ನು ಇಲ್ಲಿ ಪಾಸಾದವರು. ಹೈದರಾಬಾದಿಗೋ ರಾಜಸ್ಥಾನದ ಕೋಟಾ ಊರಿಗೋ ಕಳಿಸಿ ಅಲ್ಲೇ 12ನೇ ಕ್ಲಾಸು ಬರೆಸಿದರೆ ಈ ಪಾಲು ಕೈತಪ್ಪುತ್ತದೆ. ಅಡ್ಮಿಷನ್ ಮಾಡಿಸಿಕೊಳ್ಳುವ ಕೋಚಿಂಗ್‌ನವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ತೋಟದ ಮನೆಯ ಮಕ್ಕಳು ಮರೆಯುವ ಕೋಟಾ

ಕಾಫಿ, ಅಡಿಕೆ, ಆಲೂಗಡ್ಡೆ, ತೆಂಗು ಬೆಳೆಯುವ ಜಿಲ್ಲೆಗಳು ನಮ್ಮವು. ಆದರೂ ಕೃಷಿ ಪದವಿ ಅಂದರೆ "ಏನೂ ಸಿಗದಿದ್ದರೆ ನೋಡೋಣ" ಅನ್ನುವ ಧೋರಣೆ ಇನ್ನೂ ಹೋಗಿಲ್ಲ. ಬಿಎಸ್ಸಿ ಅಗ್ರಿ, ತೋಟಗಾರಿಕೆ, ಪಶುವೈದ್ಯಕೀಯ ಸೀಟುಗಳಲ್ಲಿ ದೊಡ್ಡ ಪಾಲನ್ನು ರೈತರ ಮಕ್ಕಳಿಗೇ ಎತ್ತಿಟ್ಟಿದ್ದಾರೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಜೊತೆಗೆ ಬೇರೆಯೇ ಒಂದು ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ಅದರ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಮುಂದೆ ಬೀಜ, ಗೊಬ್ಬರ, ಗಿಡ, ಕೀಟ, ಉಪಕರಣ ಇಟ್ಟು ಗುರುತಿಸಿ ಅನ್ನುತ್ತಾರೆ. ತೋಟದ ಮನೆಯವರಿಗೆ ಇದು ಲೀಲಾಜಾಲ ಅಂದುಕೊಳ್ಳಬೇಡಿ. ಮೂಡಿಗೆರೆಯ ಹುಡುಗನಿಗೆ ಅರೇಬಿಕಾ, ರೊಬಸ್ಟಾ ಎಲೆ ನೋಡಿದರೆ ಗೊತ್ತಾಗುತ್ತದೆ, ಆದರೆ ಸಜ್ಜೆ, ನವಣೆ ಬೀಜ ಮುಂದಿಟ್ಟರೆ ತಡವರಿಸುತ್ತಾನೆ. ಅರಸೀಕೆರೆ ಕಡೆಯವನಿಗೆ ರಾಗಿ, ಅವರೆ ಗೊತ್ತು, ಏಲಕ್ಕಿ ಗಿಡ ನೋಡಿರುವುದಿಲ್ಲ. ಊರಿನ ರೈತ ಸಂಪರ್ಕ ಕೇಂದ್ರಕ್ಕೋ ಗೊಬ್ಬರದ ಅಂಗಡಿಗೋ ನಾಲ್ಕು ಸಲ ಹೋಗಿ ಯೂರಿಯಾ, ಡಿಎಪಿ, ಪೊಟ್ಯಾಷ್ ಕಣ್ಣಲ್ಲಿ ನೋಡಿ ಬಂದರೆ ಅರ್ಧ ಕೆಲಸ ಮುಗಿಯಿತು. ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾ ಕೇಳಿಕೊಳ್ಳಬೇಕು, ಆಮೇಲೆ ಪಶ್ಚಾತ್ತಾಪ ಪಟ್ಟರೆ ಕೇಳುವವರಿಲ್ಲ.

ಇನ್ನು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲು. ಇಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ ಗ್ರಾಮೀಣ ಮಕ್ಕಳಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ, ಪೂರ್ತಿ ಹತ್ತು ವರ್ಷದ ಲೆಕ್ಕ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿಸಿ, ಎಂಟಕ್ಕೆ ಹಾಸನ ಪೇಟೆಯ ಹೈಸ್ಕೂಲಿಗೆ ಹಾಕಿದರೆ ಗ್ರಾಮೀಣ ಮೀಸಲು ಹೋಯಿತು. ಅದಕ್ಕಾಗಿಯೇ ಊರಲ್ಲಿ ಇರಿಸಿಕೊಳ್ಳಿ ಅಂತ ನಾನು ಹೇಳಲಾರೆ, ಒಳ್ಳೆಯ ಹೈಸ್ಕೂಲಿಗೂ ಅದರದೇ ಬೆಲೆ ಇದೆ. ಆದರೆ ಏನು ಬಿಟ್ಟು ಏನು ತಗೊಳ್ಳುತ್ತಿದ್ದೀರಿ ಅಂತ ಗೊತ್ತಿದ್ದು ಮಾಡಿ.

ಈ ವ್ಯಾಸಂಗ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಎರಡೂ ಬೇಕು. ಕೆಲವರು ಪ್ರೈಮರಿ ಒಂದು ಕಡೆ, ಮಿಡ್ಲ್ ಸ್ಕೂಲ್ ಇನ್ನೊಂದು ಕಡೆ ಓದಿರುತ್ತಾರೆ. ಒಂದು ಶಾಲೆ ಮುಚ್ಚಿಯೇ ಹೋಗಿರಬಹುದು. ಪ್ರಥಮ ಪಿಯು ದಸರಾ ರಜೆಯಲ್ಲಿ ಈ ಓಡಾಟ ಮುಗಿಸಿಬಿಡಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿದಾಗ ಅದರ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಸಿಇಟಿ ಅರ್ಜಿ ಕೇಳುವುದು ಆ ನಂಬರನ್ನೇ. ಅಲ್ಲಿರುವ ಹೆಸರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದುತ್ತದಾ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ.

ಮಲೆನಾಡಿನ ಕ್ಯಾಲೆಂಡರ್

ಕೋಚಿಂಗ್ ಪುಸ್ತಕಗಳಲ್ಲಿರುವ ಟೈಮ್ ಟೇಬಲ್ ಬೆಂಗಳೂರಿಗೆ ಸರಿ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಜುಲೈ ಬಂತೆಂದರೆ ಮಳೆ ರಜೆ. ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಆನ್‌ಲೈನ್ ಕ್ಲಾಸು ನಂಬಿಕೊಂಡರೆ ಆ ತಿಂಗಳು ಹೋಯಿತು ಅಂತಲೇ ಲೆಕ್ಕ. ವಿಡಿಯೋ ಜೂನ್‌ನಲ್ಲೇ ಇಳಿಸಿಟ್ಟುಕೊಳ್ಳಿ, ಇಲ್ಲವೇ ಆ ದಿನಗಳನ್ನು ಪಠ್ಯಪುಸ್ತಕಕ್ಕೇ ಮೀಸಲಿಡಿ. ನಮ್ಮ ಪಿಯು ವಿಜ್ಞಾನದ್ದು ಎನ್‌ಸಿಇಆರ್‌ಟಿ ಪಠ್ಯವೇ. ನೀಟ್ ಜೀವಶಾಸ್ತ್ರಕ್ಕೆ ಅದರ ಸಾಲು ಸಾಲನ್ನೂ ಓದಬೇಕು, ಚಿತ್ರದ ಕೆಳಗಿನ ಬರಹವನ್ನೂ ಬಿಡಬಾರದು. ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ.

ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಮನೆಯವರೆಲ್ಲ ತೋಟದಲ್ಲಿ, ಕಣದಲ್ಲಿ. ಅದೇ ಹೊತ್ತಿಗೆ ದ್ವಿತೀಯ ಪಿಯು ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ, ಪ್ರಾಕ್ಟಿಕಲ್, ಜೆಇಇ ಮೊದಲ ಸುತ್ತು ಒಂದರ ಮೇಲೊಂದು. ಮಾರ್ಚ್‌ನಲ್ಲಿ ಬೋರ್ಡ್, ಏಪ್ರಿಲ್‌ನಲ್ಲಿ ಜೆಇಇ ಎರಡನೇ ಸುತ್ತು ಮತ್ತು ಸಿಇಟಿ, ಮೇನಲ್ಲಿ ನೀಟ್, ಕಾಮೆಡ್‌–ಕೆ. ಬೋರ್ಡ್‌ಗೂ ಸಿಇಟಿಗೂ ನಡುವೆ ಸಿಗುವುದು ಕೆಲವೇ ವಾರ. ಹೊಸ ಪಾಠ ಕಲಿಯಲು ಅದು ಸಾಲದು, ಕಲಿತದ್ದನ್ನು 80 ಸೆಕೆಂಡಿಗೆ ಇಳಿಸಲು ಸಾಕು. ಪ್ರಥಮ ಪಿಯು ಪಾಠಗಳೂ ಸಿಇಟಿಗೆ ಬರುತ್ತವೆ. ಅವನ್ನು ದ್ವಿತೀಯ ಪಿಯು ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ಒಂದು ಸಲ ತಿರುವಿ ಹಾಕಿದವರಿಗೆ ಏಪ್ರಿಲ್ ಹಗುರ.

ಪಠ್ಯಕ್ರಮ ಯಾವುದು ಅಂತ ಪ್ರತಿ ವರ್ಷ ನೋಡಿಕೊಳ್ಳಬೇಕು. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಪಾಠಗಳಿಂದಲೂ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಯಿತು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಟ್ಟರು. ಅಣ್ಣನ ಹಳೆಯ ಗೈಡು ಇಟ್ಟುಕೊಂಡು ಓದುವವರು ಈ ವರ್ಷದ ಪಾಠಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ.

ರ‍್ಯಾಂಕ್ ಬಂದ ಮೇಲಿನ ಪರೀಕ್ಷೆ

ಆಪ್ಷನ್ ಎಂಟ್ರಿ ಅಂದರೆ ನಿಮಗೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಕೊಡುವುದು. ಕಂಪ್ಯೂಟರ್ ರ‍್ಯಾಂಕ್ ಒಂದರಿಂದ ಶುರು ಮಾಡುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲನೆಯದು ಖಾಲಿ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಎಲ್ಲಿ ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ.

ಇದರ ಅರ್ಥ ಏನು ಅಂದರೆ, ಸಿಗಲಾರದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಸಿಕ್ಕೇ ಸಿಗುವಂಥದ್ದನ್ನು ಮೇಲೆ ಬರೆದರೆ ನಷ್ಟ. 30,000 ರ‍್ಯಾಂಕಿನ ಹುಡುಗಿ ಹೆದರಿಕೊಂಡು ಊರ ಪಕ್ಕದ ಕಾಲೇಜನ್ನೇ ಮೊದಲು ಹಾಕಿದರೆ, ಅದಕ್ಕಿಂತ ಇಷ್ಟವಾದದ್ದು ಖಾಲಿ ಇದ್ದರೂ ಕಂಪ್ಯೂಟರ್ ಅತ್ತ ತಿರುಗಿಯೂ ನೋಡುವುದಿಲ್ಲ. ಹಾಗಂತ ಹತ್ತೇ ಹಾಕಿ ನಿಲ್ಲಿಸಬೇಡಿ. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಕೆಇಎ ಜಾಲತಾಣದಲ್ಲಿದೆ. ನಿಮ್ಮ ರ‍್ಯಾಂಕಿಗಿಂತ ಮೇಲಿನವು, ಆಸುಪಾಸಿನವು, ಕೆಳಗಿನವು ಎಲ್ಲ ಸೇರಲಿ. ಅನುದಾನಿತ ಕಾಲೇಜುಗಳಲ್ಲಿ ಒಂದೇ ಬ್ರಾಂಚಿಗೆ ಎರಡು ಬಗೆಯ ಫೀಸಿನ ಸೀಟು ಇರಬಹುದು, ಅದನ್ನೂ ಗಮನಿಸಿ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ (ನಿಗದಿತ ಸಂಖ್ಯೆಯ ಮೇಲೆ ಕೊಡುವ ಹೆಚ್ಚುವರಿ) ಸೀಟಿಗೂ ಹಕ್ಕಿದೆ, ಅಲ್ಲಿ ಬೋಧನಾ ಶುಲ್ಕ ಇಲ್ಲ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದನ್ನು ನೋಡಿ ಪಟ್ಟಿ ತಿದ್ದಬಹುದು. ನಿಜವಾದ ಸುತ್ತಿನಲ್ಲಿ ಸೀಟು ಬಂದಾಗ ನಾಲ್ಕು ಆಯ್ಕೆ. ಒಂದು, ಸೀಟು ಒಪ್ಪಿಕೊಂಡು ಸೇರುತ್ತೇನೆ. ಎರಡು, ಇದು ಇರಲಿ, ಇದಕ್ಕಿಂತ ಮೇಲಿನದ್ದು ಬಂದರೆ ಅದಕ್ಕೆ ಹೋಗುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು, ನನಗೆ ಈ ಸಹವಾಸವೇ ಬೇಡ. ಎರಡು ಮತ್ತು ಮೂರರ ನಡುವೆ ಗೊಂದಲ ಮಾಡಿಕೊಳ್ಳುವವರು ತುಂಬಾ. ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಎರಡು ಒತ್ತಿದಾಗ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, ಆಮೇಲೆ "ಹಳೆಯದೇ ಚೆನ್ನಾಗಿತ್ತು" ಅಂದರೆ ಆಗುವುದಿಲ್ಲ. ಹಾಗಾಗಿ ಎರಡು ಒತ್ತುವ ಮೊದಲು ಮೇಲಿನ ಆಪ್ಷನ್‌ಗಳು ನಿಜವಾಗಲೂ ಈಗಿನದಕ್ಕಿಂತ ಬೇಕಾ ಅಂತ ಮನೆಯಲ್ಲಿ ಕೂತು ಮಾತಾಡಿ.

ಅರ್ಜಿಗೆ ಕೊಡುವ ಮೊಬೈಲ್ ನಂಬರ್ ಮನೆಯವರದ್ದೇ ಇರಲಿ, ಸೈಬರ್ ಸೆಂಟರ್‌ನವರದ್ದು ಬೇಡ. ಒಟಿಪಿ ಅದಕ್ಕೇ ಬರುತ್ತದೆ. ಜೂನ್, ಜುಲೈನಲ್ಲಿ ಆ ಅಂಗಡಿಯವರು ಫೋನ್ ಎತ್ತದಿದ್ದರೆ ಕಷ್ಟ.